ಡಬ್ಬಿ ಸುಧಾರಿಸಿದ ಭರತೇಶ

ಕೆಟ್ಟ ವಸ್ತುವನ್ನು ರಿಪೇರಿ ಮಾಡುವವರು ಮೂಡಲಗಿಯಲ್ಲಿ ಬೇಕಾದಷ್ಟು ಮಂದಿ ಇದ್ದರು. ನೆಟ್ಟಗಿರುವ ವಸ್ತುವನ್ನು ರಿಪೇರಿ ಮಾಡುವವನು ಭರತೇಶ ಒಬ್ಬನೇ. ಚೆನ್ನಾಗಿಯೇ ಓಡುತ್ತಿದ್ದ ಮೊಪೆಡ್ಡನ್ನು ಇನ್ನೂ ಚೆನ್ನಾಗಿ ಓಡಲಿ ಎಂದು ಬಿಚ್ಚಿದ. ಅಂದಿನಿಂದ ಅದು ಹಿತ್ತಲಲ್ಲಿ ಒರಗಿ ನಿಂತು ಒದ್ದೆ ಬಟ್ಟೆ ಒಣಗಿಸುವ ಕೆಲಸಕ್ಕೆ ಸೇರಿಕೊಂಡಿತು. ಮೂರು ವೇಗದ ಮಿಕ್ಸರಿಗೆ ನಾಲ್ಕನೇ ವೇಗ ಕೊಟ್ಟ. ಶೇಂಗಾ ಚಟ್ನಿ ಅಡುಗೆಮನೆಯ ತೊಲೆಗೆ ಹತ್ತಿ, ಮುಂದಿನ ದೀಪಾವಳಿಗೆ ಸುಣ್ಣ ಹಚ್ಚುವವರೆಗೂ ಅಲ್ಲೇ ಇತ್ತು. ಇದಕ್ಕೆಲ್ಲ ಅವನು ಇಟ್ಟ ಹೆಸರು ಸುಧಾರಣೆ. ಅವನ ತಾಯಿ ಜಿನ್ನವ್ವ ಬೇರೆ ಹೆಸರು ಇಟ್ಟಿದ್ದಳು, ಆದರೆ ಬಸದಿಗೆ ಹೋಗಿ ಬರುವ ಹೆಂಗಸು, ಅದನ್ನು ಇಲ್ಲಿ ಬರೆಯುವುದು ಬೇಡ.

ಗೋಕಾಕದ ಒಂದು ಖಾಸಗಿ ಕಾಲೇಜಿನಲ್ಲಿ ಅವನು ಗುಮಾಸ್ತ. ದಿನಾ ಬೆಳಿಗ್ಗೆ ಅರಭಾವಿ ಮೇಲೆ ಹಾಯ್ದು ಹೋಗುವ ಬಸ್ಸಿನಲ್ಲಿ ತೋಟಗಾರಿಕೆ ಓದುವ ಹುಡುಗರ ನಡುವೆ ಜೋತುಬಿದ್ದು ಹೋಗುತ್ತಿದ್ದ. ಆ ಕಾಲೇಜಿಗೆ ಕಂಪ್ಯೂಟರ್ ಬಂದಾಗ ಅದರ ಹತ್ತಿರದ ಕುರ್ಚಿ ಇವನದಾಗಿತ್ತು. ಅಷ್ಟೇ ಕಾರಣಕ್ಕೆ ಇವನು ಪಂಡಿತನಾದ. ಯಾರು ಏನು ಕೇಳಿದರೂ ಅವನ ಉಪದೇಶ ಒಂದೇ: "ಅದು ಏನ ಕೇಳಿದ್ರೂ ಹೂಂ ಅಂತ ಒತ್ತರಿ. ಸುಮ್ಮನ ರೂಢಿಗೆ ಕೇಳತೈತಿ ಅದು."

ಹೆಂಡತಿ ಶುಭಾಂಗಿ ನಿಪ್ಪಾಣಿ ಕಡೆಯವಳು. ಮನೆಯ ಮುಂದಿನ ಕೋಣೆಯಲ್ಲಿ ಕಸೂತಿಯ ಕಂಪ್ಯೂಟರ್ ಮಷಿನ್ ಇಟ್ಟುಕೊಂಡಿದ್ದಳು. ಜಂಪರದ ಬೆನ್ನಿಗೆ, ತೋಳಿಗೆ ಅವಳು ಹಾಕುವ ನವಿಲು, ಬಳ್ಳಿ, ಮಾವಿನಕಾಯಿಗಳಿಗೆ ಗೋಕಾಕ, ಹುಕ್ಕೇರಿ ಕಡೆಯಿಂದಲೂ ಗಿರಾಕಿಗಳು ಬರುತ್ತಿದ್ದರು. ಚಿತ್ರವನ್ನು ಮೊದಲು ಕಂಪ್ಯೂಟರಿನಲ್ಲಿ ಹೊಲಿಗೆ ಹೊಲಿಗೆಯಾಗಿ ಕೂಡಿಸಬೇಕು, ಆಮೇಲೆ ಮಷಿನ್ನು ಅದನ್ನು ಓದಿ ಹೊಲಿಯುತ್ತದೆ. ಒಂದು ಚಿತ್ರಕ್ಕೆ ಎರಡು ದಿನ, ಕೆಲವಕ್ಕೆ ವಾರ. ನಾಲ್ಕು ವರ್ಷದಲ್ಲಿ ಮುನ್ನೂರ ಹನ್ನೆರಡು ಚಿತ್ರಗಳಾಗಿದ್ದವು. ಬೇರೆಯವರ ಚಿತ್ರವನ್ನು ಅವಳು ಒಂದೂ ತಂದುಕೊಂಡಿರಲಿಲ್ಲ.

ಇಷ್ಟು ಚೆನ್ನಾಗಿ ನಡೆಯುತ್ತಿದ್ದದ್ದನ್ನು ನೋಡಿ ಭರತೇಶನಿಗೆ ಸುಮ್ಮನಿರಲಾಗಲಿಲ್ಲ. ಪುಣೆಯಿಂದ ಒಂದು ಬಿಳಿ ಡಬ್ಬಿ ತರಿಸಿದ. ಅರ್ಧ ಕಿಲೋ ಬೆಲ್ಲದ ಪೆಂಟಿಯಷ್ಟು ದೊಡ್ಡದು. ಅದಕ್ಕೆ ಒಂದು ಡಿಸ್ಕು ಜೋಡಿಸಿ, ವೈರು ಎಳೆದರೆ, ಮನೆಯ ಯಾವ ಕಂಪ್ಯೂಟರಿನಿಂದಲಾದರೂ ಅದರಲ್ಲಿ ಸಾಮಾನು ಇಡಬಹುದು, ತೆಗೆಯಬಹುದು. ಮನೆಯಲ್ಲಿದ್ದದ್ದು ಒಂದೇ ಕಂಪ್ಯೂಟರ್ ಎಂಬುದನ್ನು ಯಾರೂ ಕೇಳಲಿಲ್ಲ. ಶುಭಾಂಗಿಯ ಚಿತ್ರಗಳನ್ನೆಲ್ಲ ಅದರೊಳಗೆ ಸಾಗಿಸಿದ. ಎರಡು ಕಡೆ ಇದ್ದರೆ ಗೊಂದಲ ಎಂದು ಹಳೆಯ ಜಾಗದಲ್ಲಿದ್ದವನ್ನು ಅಳಿಸಿಹಾಕಿದ.

ಡಬ್ಬಿ ಒಂದು ವರ್ಷ ತಪ್ಪಿಲ್ಲದೆ ಕೆಲಸ ಮಾಡಿತು. ಅದೇ ಅದರ ತಪ್ಪಾಯಿತು.

ಎರಡು ಸಾವಿರದ ಆರನೇ ಇಸ್ವಿಯಲ್ಲಿ ಕಾಲೇಜಿನ ಇಂಟರ್ನೆಟ್ಟಿನಲ್ಲಿ ಭರತೇಶ ಒಂದು ಸಂಗತಿ ಓದಿದ. ಡಬ್ಬಿಗೆ ಕಂಪನಿಯವರು ಕೊಟ್ಟ ಬುದ್ಧಿ ಬಹಳ ಸಣ್ಣದು. ಅದನ್ನು ತೆಗೆದು, ಜಗತ್ತಿನ ಮಂದಿಯೆಲ್ಲ ಸೇರಿ ಪುಕ್ಕಟೆ ಬರೆದು ಹಂಚುವ ಲಿನಕ್ಸನ್ನು ಹಾಕಿದರೆ ಅದೇ ಡಬ್ಬಿ ಹಾಡು ಹಾಡುತ್ತದೆ, ಪತ್ರ ಕಳಿಸುತ್ತದೆ, ಅಮೆರಿಕದಲ್ಲಿ ಕೂತವನೂ ಮೂಡಲಗಿಯ ಡಬ್ಬಿಯ ಬಾಗಿಲು ತಟ್ಟಬಹುದು. ಅಮೆರಿಕದಲ್ಲಿ ಇವನ ಬಳಗದವರು ಯಾರೂ ಇರಲಿಲ್ಲ, ಆದರೂ ಬಾಗಿಲು ಇರಲಿ ಎನ್ನಿಸಿತು. ಆ ಪುಣ್ಯಾತ್ಮರು ಕೊನೆಗೆ ಮೂರು ಎಚ್ಚರಿಕೆಯನ್ನೂ ಬರೆದಿದ್ದರು. ಡಿಸ್ಕಿನಲ್ಲಿ ಇದ್ದದ್ದರ ನಕಲು ತೆಗೆದಿಟ್ಟುಕೊಳ್ಳಿ, ಕೆಲಸ ನಡೆಯುವಾಗ ಡಿಸ್ಕನ್ನು ಬಿಚ್ಚಿ ಬೇರೆ ಇಡಿ, ಮುಗಿಯುವವರೆಗೆ ಕರೆಂಟು ಹೋಗದಂತೆ ನೋಡಿಕೊಳ್ಳಿ. ಬಸ್ಸಿನಲ್ಲಿ ತಲೆ ಹೊರಗೆ ಹಾಕಬೇಡಿ ಎಂಬ ಬರಹವನ್ನು ಓದುವಂತೆ ಇವನು ಅದನ್ನು ಓದಿದ. ಮೊದಲನೆಯದು ದಡ್ಡರಿಗೆ ಎಂದು ಬಿಟ್ಟ. ಎರಡನೆಯದನ್ನು ಪಾಲಿಸಿದ. ಮೂರನೆಯದಕ್ಕೆ ಅವನ ತಲೆ ಓಡಿತು: ಖಂಡೆ ನವಮಿಯ ದಿನ. ಅಂದು ಕಾಲೇಜಿಗೆ ಸೂಟಿ, ಹಬ್ಬ ಅಂತ ಕರೆಂಟೂ ತೆಗೆಯುವುದಿಲ್ಲ. ಹೆಂಡತಿಗೆ ಹೇಳಲಿಲ್ಲ. ಹೇಳಿದರೆ ಅವಳು ಬೇಡ ಅನ್ನುತ್ತಿದ್ದಳು, ಅದು ಅವನಿಗೆ ಗೊತ್ತಿತ್ತು.

ವರ್ಷದ ಮುನ್ನೂರ ಅರವತ್ತೈದು ದಿನಗಳಲ್ಲಿ ಮಷಿನ್ನು ಮುಟ್ಟಬಾರದ ದಿನ ಒಂದಿದ್ದರೆ ಅದು ಖಂಡೆ ನವಮಿ. ಕುಡುಗೋಲು, ತಕ್ಕಡಿ, ಟ್ರ್ಯಾಕ್ಟರು, ಎಲ್ಲವೂ ಮೈ ತೊಳೆದುಕೊಂಡು, ಕುಂಕುಮ ಹಚ್ಚಿಸಿಕೊಂಡು ಸುಮ್ಮನೆ ಕೂಡುವ ದಿನ. ಹುಟ್ಟಿದಂದಿನಿಂದ ಮೂವತ್ತೆಂಟು ಖಂಡೆ ನವಮಿ ಉಂಡ ಭರತೇಶನಿಗೆ ಕರೆಂಟಿನ ಲೆಕ್ಕ ನೆನಪಾಯಿತು, ಇದು ನೆನಪಾಗಲಿಲ್ಲ.

ಬೆಳಿಗ್ಗೆ ಡಿಸ್ಕು ಬಿಚ್ಚಿ ಕಪಾಟಿನಲ್ಲಿಟ್ಟು, ಡಬ್ಬಿಗೆ ಹೊಸ ಬುದ್ಧಿ ತುಂಬಲು ಹಚ್ಚಿದ. ಕಾಲು ತಾಸಿನ ಕೆಲಸ. ಅಷ್ಟರಲ್ಲಿ ಜಿನ್ನವ್ವ, "ಕಬ್ಬು ತಂದಿಲ್ಲ, ಚೆಂಡು ಹೂವು ತಂದಿಲ್ಲ, ಆ ಡಬ್ಬಿ ಮುಂದ ಏನ ಜಪಾ ಮಾಡಾಕತ್ತಿ" ಎಂದು ಪೇಟೆಗೆ ಅಟ್ಟಿದಳು. ತಿರುಗಿ ಬಂದಾಗ ಕಸೂತಿ ಮಷಿನ್ನಿಗೆ ಹೂವಿನ ಹಾರ, ಕಂಪ್ಯೂಟರಿಗೆ ಅರಿಷಿಣ. ಡಬ್ಬಿಯ ಪ್ಲಗ್ಗು ಕಿತ್ತು ವೈರನ್ನು ನೀಟಾಗಿ ಸುತ್ತಿಟ್ಟಿತ್ತು. ಒದ್ದೆ ಅರಿವೆಯಿಂದ ಒರೆಸಿದ ಅದರ ಹಣೆಗೆ ದೊಡ್ಡ ಕುಂಕುಮ. ಶುಭಾಂಗಿ ಅದರ ಮುಂದೆ ಕೈಮುಗಿದು ನಿಂತಿದ್ದಳು.

"ಇದನ್ನ ಯಾಕ ತಗದಿ?" ಎಂದ ಭರತೇಶ.

"ಇವತ್ತೊಂದ ದಿನಾ ಹತ್ಯಾರಕ್ಕ ವಿಶ್ರಾಂತಿ ಬ್ಯಾಡೇನ್ರಿ? ನನ್ನ ಎಲ್ಲಾ ಡಿಜೈನ ಹೊತ್ತಕೊಂಡ ಕುಂತೈತಿ ಅದು. ಮಷಿನ್ನಿಗಿಂತ ಮೊದಲ ಅದಕ್ಕ ಪೂಜಿ ಮಾಡೇನಿ."

ಪ್ಲಗ್ಗು ಹಾಕಿ ನೋಡಿದ. ದೀಪ ಹತ್ತಲಿಲ್ಲ. ಗುಂಡಿ ಒತ್ತಿದ, ಪಿನ್ನು ಚುಚ್ಚಿದ, ಕಿವಿ ಹಚ್ಚಿ ಕೇಳಿದ. ಅರ್ಧ ಹಳೆಯ ಬುದ್ಧಿ ಹೋಗಿ ಅರ್ಧ ಹೊಸ ಬುದ್ಧಿ ಬಂದ ಡಬ್ಬಿ ಯಾವ ಮಾತಿಗೂ ಬಗ್ಗಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಹೋದದ್ದು ಬರೀ ಡಬ್ಬಿ. ಚಿತ್ರಗಳಿದ್ದ ಡಿಸ್ಕು ಕಪಾಟಿನಲ್ಲಿ ಗಟ್ಟಿಮುಟ್ಟಾಗಿ ಇತ್ತು. ಸಂಜೆ ಇಳಿಹೊತ್ತಿಗೆ ಭರತೇಶ ಅದನ್ನು ತಂದು ನೇರವಾಗಿ ಕಂಪ್ಯೂಟರಿಗೆ ಜೋಡಿಸಿದ. ಡಬ್ಬಿಯ ಭಾಷೆಯಲ್ಲಿ ಬರೆದ ಡಿಸ್ಕು ಈ ಕಂಪ್ಯೂಟರಿಗೆ ಓದಲು ಬಾರದು. ಅದು ಪ್ರಾಮಾಣಿಕವಾಗಿ ಕೇಳಿತು: ಈ ಡಿಸ್ಕು ನನಗೆ ತಿಳಿಯುತ್ತಿಲ್ಲ, ಫಾರ್ಮ್ಯಾಟ್ ಮಾಡಲೇ? ಪಂಡಿತ ಹೂಂ ಎಂದು ಒತ್ತಿದ. ಪರದೆಯ ಮೇಲೆ ಹಸಿರು ಪಟ್ಟಿ ತೆವಳತೊಡಗಿತು. ಒಳಗಿನಿಂದ ಜಿನ್ನವ್ವ, "ಹೊತ್ತ ಮುಳಗಾಕ ಬಂತು, ಉಣ್ಣ ಬಾ" ಎಂದು ಮೂರು ಸಲ ಕರೆದಳು. ಡಿಸ್ಕು ಸುಧಾರಿಸುತ್ತಿದೆ ಎಂದು ಇವನು ಕದಲಲಿಲ್ಲ. ಹೊತ್ತು ಮುಳುಗಿತು, ಆಮೇಲೆ ಜೈನರ ಮನೆಯಲ್ಲಿ ಉಣ್ಣುವಂತಿಲ್ಲ, ಊಟ ತಪ್ಪಿತು, ಪಟ್ಟಿ ಮುಗಿಯಿತು. ಡಿಸ್ಕು ತೆರೆದುಕೊಂಡಿತು. ಕೊಂಡ ದಿನವೂ ಅದು ಅಷ್ಟು ಸ್ವಚ್ಛವಾಗಿರಲಿಲ್ಲ.

ತಾನು ಏನು ಮಾಡಿದೆ ಎಂಬುದು ಅವನಿಗೆ ಒಂದು ನಿಮಿಷದಲ್ಲಿ ಅರ್ಥವಾಯಿತು. ದಡ್ಡನಲ್ಲ ಅವನು. ಶುಭಾಂಗಿ ಬಾಗಿಲಲ್ಲಿ ನಿಂತು, "ಡಿಜೈನ ಬಂದ್ವೇನ್ರಿ?" ಎಂದಳು.

"ಇಲ್ಲ," ಎಂದ ಭರತೇಶ. "ಪ್ಲಗ್ಗ ಕಿತ್ತಿಯಲ್ಲ, ಎಲ್ಲಾ ಹೋಗ್ಯಾವು."

ಅವಳು ಅಳಲಿಲ್ಲ, ಗೋಡೆ ಹಿಡಿದು ಕೂತುಬಿಟ್ಟಳು. ಮರುದಿನ ಬನ್ನಿ ಕೊಡಲು ಮನೆಗೆ ಬಂದವರ ಮುಂದೆ ಹೊರಗೆ ಬರಲಿಲ್ಲ. ತನ್ನ ನಾಲ್ಕು ವರ್ಷವನ್ನು ತಾನೇ ಕುಂಕುಮ ಹಚ್ಚಿ ಸುಟ್ಟೆ ಎಂದು ಅತ್ತೆಯ ಮುಂದೆ ಹೇಳಿಕೊಂಡು ಉಪವಾಸ ಬಿದ್ದಳು. ಪೂಜೆಗೆ ತಟ್ಟೆ ಕೊಟ್ಟವಳು ತಾನೇ ಎಂದು ಜಿನ್ನವ್ವನೂ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಭರತೇಶನಿಗೆ ಕರುಳು ಚುರುಕ್ ಎಂದದ್ದು ಸುಳ್ಳಲ್ಲ. ಆದ್ದರಿಂದಲೇ ದೊಡ್ಡ ಮನಸ್ಸು ಮಾಡಿ, "ಇರ್ಲಿ ಬಿಡ, ಗೊತ್ತಿಲ್ಲದ ಮಾಡಿದಿ, ನಾ ಏನ ಸಿಟ್ಟಿಲ್ಲ" ಎಂದು ಅವಳನ್ನು ಕ್ಷಮಿಸಿದ. ಅವಳು ಅವನ ಕಾಲಿಗೆ ನಮಸ್ಕಾರ ಮಾಡಲು ಬಂದಾಗ ಮಾತ್ರ ಪಕ್ಕಕ್ಕೆ ಸರಿದ. ಅಷ್ಟು ಮರ್ಯಾದೆ ಇನ್ನೂ ಉಳಿದಿತ್ತು.

ಐದನೆಯ ದಿನ ಕಾಲೇಜಿಗೆ ಫೋನು ಬಂತು. ಗೋಕಾಕದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ನಾಸೀರ.

"ಭರತೇಶಣ್ಣ, ವೈನಿ ಬಂದಿದ್ರು, ಡಿಸ್ಕ ತಗೊಂಡ. ಮುಂಜಾನಿಂದ ಕುಂತ ನೋಡಿದ್ನಿ. ಒಂದೂ ಸಾಬೂತ ಸಿಗಲಿಲ್ಲ, ಎಲ್ಲಾ ಚೂರು ಚೂರು."

"ಪ್ಲಗ್ಗ ಕಿತ್ತರ ಹಂಗ ಆಕ್ಕೈತಿ," ಎಂದ ಭರತೇಶ ಸಣ್ಣಗೆ.

"ಪ್ಲಗ್ಗಿಗೂ ಇದಕೂ ಸಂಬಂಧ ಇಲ್ಲಲ್ಲಣ್ಣ. ಡಿಸ್ಕ ಬಿಚ್ಚಿಟ್ಟಿದ್ರಂತ. ನವಮಿ ದಿನಾ ಸಂಜಿಕ ಯಾರೋ ಫಾರ್ಮ್ಯಾಟ್ ಮಾಡ್ಯಾರ, ಟೈಮ್ ಸೈತ ತೋರಸತೈತಿ. ವೈನಿ ಕೇಳಿದ್ರು, ನಾ ಖರೆ ಹೇಳಿದ್ನಿ. ನೀವ ಮೊದಲ ಹೇಳಿರಬೇಕ ಅಂತ ತಿಳಕೊಂಡಿದ್ನಿ."

ಆ ಸಂಜೆ ಗೋಕಾಕದಿಂದ ಮೂಡಲಗಿಗೆ ಬಸ್ಸು ಎಂದಿಗಿಂತ ಬೇಗ ಬಂತು. ಮನೆಯಲ್ಲಿ ರಂಪವಿರಲಿಲ್ಲ. ಶುಭಾಂಗಿ ಒಂದು ನೋಟುಬುಕ್ಕು ಹಿಡಿದು ಕೂತಿದ್ದಳು.

"ಚಿತ್ರ ಹೋದ್ರೂ ಜಂಪರ ಅದಾವು," ಎಂದಳು. "ಯಾರ್ಯಾರಿಗೆ ಏನ ಹೊಲದ ಕೊಟ್ಟೇನಿ ಅಂತ ಬರದೇನಿ. ಮನಿಮನಿಗೆ ಹೋಗಿ ಫೋಟೋ ತಗೊಂಡ ಬರ್ರಿ. ನೋಡಿ ನೋಡಿ ಮತ್ತ ಕೂಡಸ್ತೀನಿ."

"ನಾನು? ಹೆಣ್ಮಕ್ಕಳ ಜಂಪರ ಕೇಳಕೋತ?"

"ಹೌದು. ನೀವ."

ಜಿನ್ನವ್ವ ಬಾಗಿಲಲ್ಲಿ ನಿಂತಿದ್ದಳು. ಒಳಗಿನಿಂದ ಕ್ಯಾಮರಾ ತಂದು ಮಗನ ಮುಂದಿಟ್ಟಳು.

ಹೀಗೆ ಮೂಡಲಗಿಯ ಪಂಡಿತ, ಕೊರಳಲ್ಲಿ ಕ್ಯಾಮರಾ ಜೋತು ಹಾಕಿಕೊಂಡು, ರವಿವಾರ, ಸೂಟಿ ಎನ್ನದೆ ಊರೂರು ತಿರುಗಿದ. ದಡ್ಡಿ ಎಂಬ ಊರಿನಲ್ಲಿ ಒಬ್ಬ ಕುಡುಗೋಲಿಗೆ ಸಾಣೆ ಹಿಡಿಯುತ್ತ ಕೂತಿದ್ದ. ಅವನಿಗೆ, "ನಿಮ್ಮ ಮನಿಯವರ ಜಂಪರ ಒಂದ ತೋರಸ್ತೀರೇನ್ರಿ" ಎಂದು ಕೇಳಿದ. ಅವನು ಸಾಣೆ ಹಿಡಿಯುವುದನ್ನು ನಿಲ್ಲಿಸಿದ, ಕುಡುಗೋಲನ್ನು ಕೆಳಗಿಡಲಿಲ್ಲ. ವಿಷಯವನ್ನೆಲ್ಲ ಮೊದಲಿನಿಂದ ಹೇಳಬೇಕಾಯಿತು. ಪ್ರತಿ ಮನೆಯಲ್ಲೂ ಹೇಳಬೇಕಾಯಿತು: ಡಬ್ಬಿ, ಲಿನಕ್ಸು, ನವಮಿ, ಹೂಂ ಎಂದು ಒತ್ತಿದ್ದು. ಮೊದಲ ಹತ್ತು ಮನೆಗಳಲ್ಲಿ ಆ ಕೊನೆಯದನ್ನು ನುಂಗಿಕೊಂಡ. ಆಮೇಲೆ ನುಂಗುವುದೂ ಬೇಸರವಾಗಿ ಹೇಳತೊಡಗಿದ. ಅರಭಾವಿಯ ಯಲ್ಲಕ್ಕ ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕು, ನೆರೆಮನೆಯವರನ್ನು ಕರೆದು ಇನ್ನೊಮ್ಮೆ ಹೇಳಿಸಿದಳು.

ಹುಕ್ಕೇರಿಯ ಸುರಯ್ಯಾ ಮಾತ್ರ ನಗಲಿಲ್ಲ. ಮೂರು ಹೆಣ್ಣುಮಕ್ಕಳ ಮದುವೆಗೆ ಮಾಡಿಸಿದ್ದ ಹನ್ನೊಂದು ಬಟ್ಟೆ ತಂದು ಮಂಚದ ಮೇಲೆ ಹಾಸಿದಳು. "ಈ ಬಳ್ಳಿ ನೋಡ್ರಿ, ಎಲ್ಲೂ ದಾರ ಕಡದಿಲ್ಲ. ಹೆಂಗ ಮಾಡ್ಯಾರ ನಿಮ್ಮ ಮನಿಯವರು?" ಎಂದು ಕೇಳಿದಳು. ಭರತೇಶನಿಗೆ ಗೊತ್ತಿರಲಿಲ್ಲ. ಆ ಬಳ್ಳಿ ಎಷ್ಟು ಕಿಲೋಬೈಟು ಎಂದು ಕೇಳಿದ್ದರೆ ಹೇಳುತ್ತಿದ್ದ. ನಾಲ್ಕು ವರ್ಷ ಮನೆಯಲ್ಲೇ ಇದ್ದವನು ಅದನ್ನು ಕಣ್ಣು ತೆರೆದು ನೋಡಿದ್ದು ಹುಕ್ಕೇರಿಯಲ್ಲಿ, ಇನ್ನೊಬ್ಬರ ಮಂಚದ ಮೇಲೆ. ಬಹಳ ಚೆಂದವಿತ್ತು. ಅವನಿಗೆ ನಾಚಿಕೆಯಾಯಿತು.

ಪಟ್ಟಿಯ ಕೊನೆಗೆ ಕಣಗಲಾದ ತ್ರಿಶಲಾ ಎಂಬ ಹೆಸರಿತ್ತು. ಶುಭಾಂಗಿ ಅದರ ಕೆಳಗೆ ಗೆರೆ ಎಳೆದಿದ್ದಳು. ಮಷಿನ್ನು ಬಂದ ಹೊಸದರಲ್ಲಿ ಅವಳು ಮಾಡಿದ ಮೊದಲ ಚಿತ್ರ, ಮಾವಿನ ಕೊಂಬೆ, ಅದರ ಮೇಲೆ ಗಿಳಿ. ಆ ಚಿತ್ರವನ್ನು ಇನ್ನಾರಿಗೂ ಹೊಲಿದಿರಲಿಲ್ಲ. ಹೆದ್ದಾರಿಯಲ್ಲಿ ಬಸ್ಸಿಳಿದು ಮನೆ ಹುಡುಕಿಕೊಂಡು ಹೋದಾಗ ತ್ರಿಶಲಾಳ ಅತ್ತೆ ಇಂದ್ರವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಭರತೇಶ ಬಾಯಿಪಾಠವಾಗಿದ್ದ ತನ್ನ ಕತೆಯನ್ನು ಹೇಳಿ, ಗಿಳಿಯ ಜಂಪರ ಕೇಳಿದ.

ಇಂದ್ರವ್ವ ಮೊರ ಕೆಳಗಿಟ್ಟಳು. "ಆಕಿ ಶ್ರಾವಣದಾಗ ಹೋದಳಪ್ಪ. ಕಾಮಣಿ ಆಗಿತ್ತು. ಹಬ್ಬಾ ಹುಣಿವಿ ಬಂದ್ರ ಆ ಜಂಪರನ ಹಾಕತಿದ್ದಳು, ಬ್ಯಾರೆ ಹಾಕತಿರಲಿಲ್ಲ. ಅದಕ್ಕ ಅದನ್ನ ತೊಡಿಸಿ ಕಳಿಸಿದ್ವಿ."

ಭರತೇಶ ಅಲ್ಲೇ ನೆಲದ ಮೇಲೆ ಕೂತ. ಇಂದ್ರವ್ವ ಒಂದು ತಂಬಿಗೆ ನೀರು ತಂದುಕೊಟ್ಟಳು. ಜೇಬಿನಿಂದ ಪಟ್ಟಿ ತೆಗೆದು ಆ ಹೆಸರಿಗೆ ಏನು ಗುರುತು ಹಾಕಬೇಕೆಂದು ತಿಳಿಯದೆ ಹಾಗೇ ಮಡಚಿದ.

ರಾತ್ರಿಯಾಗುವ ಮೊದಲೇ ಮನೆ ಮುಟ್ಟಿದ. ಶುಭಾಂಗಿ ಕಂಪ್ಯೂಟರಿನ ಮುಂದೆ ಕೂತು ಒಂದು ಫೋಟೋ ನೋಡಿ ನವಿಲಿನ ಗರಿ ಕೂಡಿಸುತ್ತಿದ್ದಳು. ಮುನ್ನೂರ ಹನ್ನೆರಡರಲ್ಲಿ ನೂರ ಎಂಬತ್ತಾರು ಸಿಕ್ಕಿದ್ದವು. ಉಳಿದವು ಹರಿದಿದ್ದವು, ಮಾಸಿದ್ದವು, ದೂರದ ಊರಿಗೆ ಹೋಗಿದ್ದವು.

"ಗಿಳಿ ಸಿಕ್ಕಿತೇನ್ರಿ?" ಎಂದು ತಿರುಗದೆ ಕೇಳಿದಳು.

ಸುಳ್ಳು ಹೇಳಲು ಈ ಸಲ ಅವನಿಗೆ ಬಾಯಿ ಬರಲಿಲ್ಲ. ಇಂದ್ರವ್ವ ಹೇಳಿದ್ದನ್ನೆಲ್ಲ ಹೇಳಿದ. ಶುಭಾಂಗಿಯ ಕೈ ನಿಂತಿತು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಖಂಡೆ ನವಮಿಯಿಂದ ಇಲ್ಲಿಯವರೆಗೆ ಅವಳು ಅತ್ತದ್ದು ಅದೇ ಮೊದಲು.

ಭರತೇಶ ಹತ್ತಿರ ಹೋಗಿ, "ತಪ್ಪಾತು, ಆ ಗಿಳಿನೂ ನಾನ ಕಳದ್ನಿ" ಎಂದ.

"ಆ ಗಿಳಿ ನೀವ ಕಳದಿಲ್ಲ," ಎಂದಳು ಶುಭಾಂಗಿ. "ಅದನ್ನ ಆಕಿ ತನ್ನ ಜೋಡಿ ಒಯ್ದಳು. ಅದಕ್ಕ ನನಗ ದುಃಖ ಇಲ್ಲ. ಐದು ದಿನಾ ನಾನ ಅಳಿಸಿದ್ನಿ ಅಂತ ನಾ ಉಪವಾಸ ಬಿದ್ದಿದ್ದು ನೋಡಕೋತ, ಎದುರಿಗೆ ಕುಂತ ರೊಟ್ಟಿ ಮುರದ ಉಂಡ್ರಲ್ಲ, ಅದನ್ನ ಯಾರ ಮನಿಗೆ ಹೋಗಿ ಫೋಟೋ ತಗೊಂಡ ಬರ್ತೀರಿ ಹೇಳ್ರಿ."