ಭಾವನ ಪಾಲಿನ ಕೇಕು

"ಸುಡುವುದು ಅಂತ ಹೇಳಬೇಡ" ಎಂದರು ಅಮ್ಮ.

ನಾನು ಹೇಳಿದ್ದು ಇಷ್ಟೆ: ಈ ಸಲ ತಂಗಿಯ ಮಗಳು ಪ್ರೇಮಳ ಹುಟ್ಟುಹಬ್ಬಕ್ಕೆ ಮನೆಯಲ್ಲೇ ಒಂದು ಕೇಕು ಸುಡುವ ಅಂತ. ನಾವು ಹಪ್ಪಳ ಸುಡುತ್ತೇವೆ, ಒಣಮೀನು ಸುಡುತ್ತೇವೆ, ಗೆಣಸು ಸುಡುತ್ತೇವೆ. ಕೇಕಿಗೆ ಮಾತ್ರ ಯಾಕೆ ಬೇಡ? ಹಾಗೆಂದು ಕೇಳಲಿಕ್ಕೆ ಹೊರಟವನು ಅಮ್ಮನ ಮುಖ ನೋಡಿ "ಮಾಡುವ" ಎಂದು ತಿದ್ದಿದೆ.

ಈಚೆಗೆ ನಮ್ಮ ಮನೆಯಲ್ಲಿ ಬಾಯಿಗೆ ಬರಬಾರದ ಶಬ್ದಗಳು ಹೆಚ್ಚಾಗುತ್ತ ಹೋಗಿವೆ. ಸುಡುವುದು. ಮುಳುಗುವುದು. ಹೋಗುವುದು. ಅಕ್ಕಿ ಮುಗಿಯಿತು ಎನ್ನುವ ಹಾಗಿಲ್ಲ, ತುಂಬಿತು ಎನ್ನಬೇಕು. (ಇದು ಹಳೆಯದು, ನಿಮ್ಮ ಮನೆಯಲ್ಲೂ ಇರಬಹುದು.) ತಂತಿ ಎನ್ನುವ ಹಾಗೂ ಇಲ್ಲ, ಕೆಟ್ಟ ಸುದ್ದಿಯ ಟೆಲಿಗ್ರಾಮಿಗೂ ಅದೇ ಹೆಸರಲ್ಲ. ಬಟ್ಟೆ ಒಣಗಿಸುವ ತಂತಿಗೂ ಈಗ ಅಮ್ಮ "ಆ ಹಗ್ಗ" ಎನ್ನುತ್ತಾರೆ.

ಕಾರಣ ಹೇಳುತ್ತೇನೆ. ನನ್ನ ತಂಗಿ ಸುಮತಿಯ ಗಂಡ ಹಡಗಿನಲ್ಲಿ ಕೆಲಸಕ್ಕಿದ್ದಾರೆ. (ಇದ್ದಾರೆ. ಈ ಕ್ರಿಯಾಪದವನ್ನು ಯೋಚಿಸಿಯೇ ಬರೆದಿದ್ದೇನೆ.) ನಮ್ಮದು ಬಲೆ ಹಾಕುವವರ ಮನೆತನ. ಭಾವನದ್ದೂ ಅದೇ. ದೋಣಿ ಬಿಟ್ಟು ಬೊಂಬಾಯಿಗೆ ಹೋಗಿ ದೊಡ್ಡ ಸ್ಟೀಮರಿಗೆ ಸೇರಿದರು. ಮತ್ತೆ ಯುದ್ಧ ಬಂತು. ಮೊದಮೊದಲು ಕಾಗದ ಬರುತ್ತಿತ್ತು. ಎಲ್ಲಿಂದ ಎಂದು ಬರೆಯುವ ಹಾಗಿಲ್ಲ, "ಕ್ಷೇಮ" ಎಂದು ಮಾತ್ರ. ಈಗ ಅದೂ ಇಲ್ಲ. ಮಳೆಗಾಲಕ್ಕೆ ಮೊದಲು ಬಂದದ್ದೇ ಕೊನೆಯ ಕಾಗದ. (ಕೊನೆಯ ಎಂದು ಅಮ್ಮನ ಎದುರು ಹೇಳಬೇಡಿ. ಮೊನ್ನೆಯ ಕಾಗದ ಎನ್ನಬೇಕು.)

ಇಂಥ ಹೊತ್ತಿನಲ್ಲಿ ಹುಟ್ಟುಹಬ್ಬವೇ? ನೀವೂ ಕೇಳಬಹುದು. ಅಮ್ಮನೂ ಕೇಳಿದರು.

ನಮ್ಮಲ್ಲಿ ಹುಟ್ಟಿದ ದಿನಕ್ಕೆ ಕೇಕಿನ ಪದ್ಧತಿ ಇಲ್ಲ. ನಕ್ಷತ್ರ ನೋಡಿ ದೇವಸ್ಥಾನಕ್ಕೆ ಒಂದು ಹೂವಿನಪೂಜೆ, ಮನೆಯಲ್ಲಿ ಕಡ್ಲೆಬೇಳೆ ಪಾಯಸ, ಮುಗಿಯಿತು. ಆದರೆ ಆಚೆಮನೆಯ ಕ್ರಿಸ್ತಾನರ ಅಜ್ಜಿ ಸೆರಪಿನ್ ಬಾಯಿಯ ಮೊಮ್ಮಗಳಿಗೆ ಕೇಕು ಮಾಡಿದ್ದರು. ಪ್ರೇಮ ಅದನ್ನು ತಿಂದು ಬಂದವಳು ಬೇರೆ ಮಾತೇ ಆಡಲಿಲ್ಲ.

"ಅವ ಬರಲಿ, ಮತ್ತೆ ಎಲ್ಲ ಮಾಡುವ" ಎಂದರು ಅಮ್ಮ. "ಅಪ್ಪ ಎಲ್ಲಿದ್ದಾನೆ ಅಂತ ಗೊತ್ತಿಲ್ಲದಾಗ ಮಗುವಿಗೆ ಸಂಭ್ರಮ ಮಾಡಿದ್ರೆ ಜನ ಎಂತ ಹೇಳಿಯಾರು?"

ಸುಮತಿ ಅಕ್ಕಿ ಗೇರುತ್ತಿದ್ದಳು. ಗೆರಸೆ ನಿಲ್ಲಿಸದೆ ಹೇಳಿದಳು, "ಅವರಿಲ್ಲ ಅಂತ ಮಾಡದೆ ಬಿಟ್ರೆ ನಾನೇ ಒಪ್ಪಿಕೊಂಡ ಹಾಗೆ ಆಗ್ತದೆ ಅಮ್ಮ."

ಒಪ್ಪಿಕೊಂಡ ಹಾಗೆ. ಎಂತದನ್ನು? ಉರ್ವ ಮಾರುಕಟ್ಟೆಗೆ ಹೋದರೆ ಹೆಂಗಸರು ಮೊದಲು ಅವಳ ಹಣೆ ನೋಡುತ್ತಾರೆ, ಆಮೇಲೆ ಮುಖ. ಅದು ನನಗೂ ಗೊತ್ತು, ಅವಳಿಗೂ ಗೊತ್ತು. ಈಗ ಅವಳು ಕುಂಕುಮವನ್ನು ಮೊದಲಿಗಿಂತ ದೊಡ್ಡದಾಗಿ ಇಡುತ್ತಾಳೆ.

ಕೇಕು ಮಾಡುವುದೆಂದು ತೀರ್ಮಾನವಾಯಿತು.

ರೇಶನ್ ಸಕ್ಕರೆಯನ್ನು ಚಾಕ್ಕೆ ಹಾಕದೆ ಒಟ್ಟು ಮಾಡಿದೆವು. ಬೆಲ್ಲದ ಚಾ ಕುಡಿದು ಕುಡಿದು ನನ್ನ ನಾಲಿಗೆಯೇ ಬೇರೆಯಾಯಿತು. ಮೈದಾ ಸೆರಪಿನ್ ಬಾಯಿ ಕೊಟ್ಟರು. (ಎಲ್ಲಿಂದ ಎಂದು ಕೇಳಬಾರದು, ಕೇಳಲಿಲ್ಲ.) ಉಬ್ಬಲಿಕ್ಕೆ ಕಳ್ಳು. ಒಲೆಯ ಮೇಲೆ ತಾಮ್ರದ ಅಗಲ ಪಾತ್ರೆ, ಅದರೊಳಗೆ ಹೊಯಿಗೆ ಅಂದರೆ ಮರಳು, ಹೊಯಿಗೆಯಲ್ಲಿ ಹಿಟ್ಟಿನ ಪಾತ್ರೆ, ಮೇಲೆ ಮುಚ್ಚಳ, ಮುಚ್ಚಳದ ಮೇಲೆ ತೆಂಗಿನ ಗೆರಟೆಯ ಕೆಂಡ.

ಮೊಟ್ಟೆ ಕಡೆಯುವ ಕೆಲಸ ನನ್ನ ಪಾಲಿಗೆ ಬಂತು. ಸೆರಪಿನ್ ಬಾಯಿ ಸೊಂಟಕ್ಕೆ ಕೈ ಕೊಟ್ಟು ನೋಡುತ್ತ ನಿಂತರು.

"ಎಂತ ಮಾಸ್ಟ್ರೇ ಇದು, ತೊಟ್ಟಿಲು ತೂಗುವ ಹಾಗೆ! ಸಮಾ ಹೊಡೀರಿ. ಮಕ್ಕಳಿಗೆ ಹೊಡೀಲಿಕ್ಕೆ ಬರ್ತದೆ, ಮೊಟ್ಟೆಗೆ ಹೊಡೀಲಿಕ್ಕೆ ಬರುದಿಲ್ವಾ?"

"ಮಕ್ಕಳು ತಿರುಗಿ ಮುಖಕ್ಕೆ ಹಾರುದಿಲ್ಲ ಬಾಯಿ."

"ಈಗ ಹಾರುದಿಲ್ಲ. ಕಾಲ ಬರ್ತದೆ, ನೋಡ್ತಾ ಇರಿ."

ಅಮ್ಮ ನಕ್ಕರು. ಬಹಳ ಸಮಯದ ಮೇಲೆ ನಕ್ಕರು ಎಂದು ನನಗೆ ಅನಿಸಿತು. ಹಾಗೆ ಅನಿಸಿದ್ದು ಆಗಲೋ, ಈಗ ಬರೆಯುವಾಗಲೋ? ಗೊತ್ತಿಲ್ಲ. ನಡೆದದ್ದನ್ನು ನೆನಪು ಹೇಗೆ ತಿದ್ದುತ್ತದೆ ಎನ್ನುವುದಕ್ಕೆ ನಮ್ಮ ಮನೆಯಲ್ಲೇ ಒಂದು ಉದಾಹರಣೆ ಉಂಟು. ಭಾವ ಬಂದರಿನಲ್ಲಿ ಸ್ಟೀಮರ್ ಹತ್ತುವಾಗ ಹೇಳಿದ ಮಾತು ಎಂತದು? "ಪೋದು ಬರ್ಪೆ" ಎಂದರು ಎನ್ನುತ್ತಾರೆ ಅಮ್ಮ. ಹೋಗಿ ಬರುತ್ತೇನೆ. ಸುಮತಿಯ ಪ್ರಕಾರ ಅವರು ಮಾತೇ ಆಡಲಿಲ್ಲ, ಮಗುವಿನ ತಲೆ ಸವರಿದರು. ನನ್ನ ಕಿವಿಯಲ್ಲಿ ಇರುವುದು "ಪೋಪೆ" ಮಾತ್ರ. ಹೋಗುತ್ತೇನೆ. ಅರ್ಧ ಮಾತು. ನಾನು ದಿನಚರಿ ಬರೆಯುವವನು, ಹಾಗಾಗಿ ತೆಗೆದು ನೋಡಿದೆ. ಆ ದಿನದ ಕೆಳಗೆ ಇರುವುದು, "ಭಾವ ಹೊರಟರು. ಸೆಕೆ." ಸೆಕೆಯನ್ನು ಬರೆದಿಟ್ಟ ಮಹಾನುಭಾವನಿಗೆ ಮಾತನ್ನು ಬರೆದಿಡಲಿಕ್ಕೆ ಎಂತ ಧಾಡಿ?

ಇರಲಿ. ಮುಚ್ಚಳ ತೆಗೆದೆವು. ಪರಿಮಳ ಅಂಗಳದವರೆಗೆ ಹೋಯಿತು. ಅಂಚು ಎದ್ದಿತ್ತು, ನಡು ತಗ್ಗಿತ್ತು.

"ಅಯ್ಯೋ, ನಡುವಿನಲ್ಲಿ ಮುಳು..." ಎಂದ ಅಮ್ಮ ಅಲ್ಲಿಗೇ ಬಾಯಿಗೆ ಸೆರಗು ಒತ್ತಿದರು.

"ಸ್ವಲ್ಪ ಕೂತಿದೆ ಅಷ್ಟೆ" ಎಂದರು ಸೆರಪಿನ್ ಬಾಯಿ ಗಡಿಬಿಡಿಯಲ್ಲಿ. "ಕೂತ ಕೇಕಿಗೆ ರುಚಿ ಹೆಚ್ಚು."

ಯುದ್ಧದ ಕಟ್ಟಳೆಯಿಂದ ಕಡಲಬದಿಯಲ್ಲಿ ಸಂಜೆಯ ಮೇಲೆ ಬೆಳಕು ಹೊರಗೆ ಕಾಣಬಾರದಲ್ಲ. ಹಾಗಾಗಿ ಬಿಸಿಲಿರುವಾಗಲೇ, ಚಾದ ಹೊತ್ತಿಗೆ ಕೊಯ್ದೆವು. ಪ್ರೇಮಳಿಗೆ ಐದು ತುಂಬಿತು. ಹೊಸ ಲಂಗ ಇಲ್ಲ, ಸುಮತಿಯ ಹಳೇ ಸೀರೆಯದ್ದೇ ಲಂಗ. ಎಲ್ಲರಿಗೂ ಅವಳೇ ಕೊಟ್ಟಳು. ಅಜ್ಜಿಗೆ, ಮಾವನಿಗೆ ಅಂದರೆ ನನಗೆ, ಸೆರಪಿನ್ ಬಾಯಿಗೆ, ಅವರ ಮೊಮ್ಮಗಳಿಗೆ.

"ಅಪ್ಪನಿಗೆ?" ಎಂದು ಕೇಳಿದಳು.

"ಅಪ್ಪನಿಗೂ ಒಂದು ತುಂಡು ತೆಗೆದಿಡು ಮಗಾ" ಎಂದು ಸುಮತಿ ಚಾ ಸೋಸಲಿಕ್ಕೆ ಒಳಗೆ ಹೋದಳು.

ನಾವು ಮಾತಿಗೆ ಬಿದ್ದೆವು. ಸಕ್ಕರೆ, ಸೀಮೆಎಣ್ಣೆ, ಯಾರ ಮನೆಗೆ ಯಾರು ಬಂದರು. ಸ್ವಲ್ಪ ಹೊತ್ತು ಕಳೆದು ನೋಡಿದರೆ ಪ್ರೇಮ ಇಲ್ಲ. ಹುಡುಕಿಕೊಂಡು ಒಳಗೆ ಹೋದೆ.

ಒಳಕೋಣೆಯ ಬಾಗಿಲು ಹಾಕಿತ್ತು. ಹೊರಗೆ ಅವಳು ಮೊಣಕಾಲು ಕಟ್ಟಿ ಕೂತಿದ್ದಳು. ನನ್ನನ್ನು ಕಂಡು ತುಟಿಗೆ ಬೆರಳಿಟ್ಟಳು.

"ಶ್! ಅಪ್ಪ ತಿಂತಾ ಇದ್ದಾರೆ."

ಈ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಘಟ್ಟದ ಮೇಲಿನ ಓದುಗರಿಗಾಗಿ ಹೇಳುತ್ತೇನೆ. ಆಟಿ ತಿಂಗಳಲ್ಲಿ, ಅಂದರೆ ನಿಮ್ಮ ಆಷಾಢದ ಹೊತ್ತಿಗೆ, ನಾವು ತೀರಿಹೋದ ಹಿರಿಯರಿಗೆ ಬಡಿಸುತ್ತೇವೆ. ಒಳಕೋಣೆಯಲ್ಲಿ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ, ನೀರಿಟ್ಟು, ಬಾಗಿಲು ಹಾಕಿ ಹೊರಗೆ ಕೂರುತ್ತೇವೆ. ಅವರು ಬಂದು ಉಣ್ಣಲಿ ಎಂದು. ಆಮೇಲೆ ಮೂರು ಸಲ ಬಾಗಿಲು ಬಡಿದು ಒಳಗೆ ಹೋಗುತ್ತೇವೆ. ಬಡಿಸಿದ್ದನ್ನು ಮನೆಯವರು ಪ್ರಸಾದವೆಂದು ತಿನ್ನುತ್ತೇವೆ. ಕಳೆದ ತಿಂಗಳಷ್ಟೇ ಮಾಡಿದ್ದೆವು. ಪ್ರೇಮ ಅಜ್ಜಿಯ ಸೆರಗು ಹಿಡಿದುಕೊಂಡು ಎಲ್ಲವನ್ನೂ ನೋಡಿದ್ದಳು.

"ಯಾರು ಹೇಳಿಕೊಟ್ಟದ್ದು ಮಗಾ?" ಎಂದು ಕೇಳಿದೆ.

"ಅಜ್ಜಿ. ಮನೆಯಲ್ಲಿ ಇಲ್ಲದವರಿಗೆ ಹೀಗೆ ಬಡಿಸುವುದು ಅಂತ. ಅಪ್ಪ ಮನೆಯಲ್ಲಿ ಇಲ್ಲ ಅಲ್ವಾ?"

ಅಮ್ಮನೊಂದಿಗೆ ಹಿಂದಿನಿಂದ ಬಂದ ಸೆರಪಿನ್ ಬಾಯಿ, "ಎಂತ ಚಂದದ ಆಟ ನೋಡಿ ಮಕ್ಕಳದ್ದು" ಎಂದು ನಗಲಿಕ್ಕೆ ಹೊರಟವರು ಅಮ್ಮನ ಮುಖ ನೋಡಿ ಶಿಲುಬೆಯ ಗುರುತು ಹಾಕಿಕೊಂಡರು. ಮೊಮ್ಮಗಳ ಕೈ ಹಿಡಿದು ಹೊರಟುಹೋದರು. ಅಮ್ಮ ಕಂಬ ಹಿಡಿದು ಕೂತುಬಿಟ್ಟರು.

"ಬಡಿಯಬೇಡಿ" ಎಂದರು. "ಯಾರೂ ಬಾಗಿಲು ಬಡಿಯಬೇಡಿ. ಬಡಿದರೆ ಮುಗಿಯಿತು."

ನಾನು ಇಂಥದ್ದನ್ನು ನಂಬುವವನಲ್ಲ. ಇದೇ ಅಂಕಣದಲ್ಲಿ ಹಾಗೆ ಬರೆದೂ ಇದ್ದೇನೆ, ಕೆಲವರು ಬೈದು ಕಾಗದ ಹಾಕಿಯೂ ಇದ್ದೀರಿ. ಹಾಗಿದ್ದರೆ ಚಿಲಕಕ್ಕೆ ನನ್ನ ಕೈ ಯಾಕೆ ಹೋಗಲಿಲ್ಲ? ಒಳಗೆ ಇರುವುದು ಒಂದು ಬಾಳೆಲೆ, ಒಂದು ತುಂಡು ಕೇಕು. ಅಷ್ಟು ಗೊತ್ತು. ನನಗಿದ್ದ ಹೆದರಿಕೆ ಅದಲ್ಲ. ಬಾಗಿಲು ತೆಗೆದಾಗ ಆ ತುಂಡು ಕಡಿಮೆಯಾಗಿದ್ದರೆ?

ಸುಮತಿ ಚಾದ ಪಾತ್ರೆ ಹಿಡಿದುಕೊಂಡೇ ಬಂದಳು. ಅಮ್ಮನನ್ನು ನೋಡಿದಳು, ಮಗಳನ್ನು ನೋಡಿದಳು, ಹಾಕಿದ ಬಾಗಿಲು ನೋಡಿದಳು. ಪಾತ್ರೆಯನ್ನು ನೆಲಕ್ಕಿಟ್ಟು, ಬಡಿಯದೆ, ಕೆಮ್ಮದೆ, ತನ್ನದೇ ಕೋಣೆಗೆ ಹೋಗುವವಳ ಹಾಗೆ ಬಾಗಿಲು ದೂಡಿದಳು.

ಎಲೆ ಇತ್ತು. ಎಲೆಯ ಬದಿಗೆ ಲೋಟದಲ್ಲಿ ನೀರು. ಒಂದು ವೀಳ್ಯದೆಲೆ ಕೂಡ. ಮಗು ಒಂದನ್ನೂ ಮರೆತಿರಲಿಲ್ಲ. ನಡುವಿನಲ್ಲಿ ಕೇಕಿನ ತುಂಡು.

ಅದರ ಒಂದು ಮೂಲೆ ಮುರಿದಿತ್ತು. ನಾನು ಕಂಡೆ. ಸುಮತಿ ಹೇಳುವುದು ಇಡೀ ಇತ್ತು ಅಂತ. ಅಮ್ಮ ಆ ಕಡೆ ನೋಡಲೇ ಇಲ್ಲ. ಮುರಿದಿದ್ದರೂ ಕೊಯ್ಯುವಾಗ ಮುರಿದಿರಬಹುದು, ಇಲಿ ಇರಬಹುದು, ಪ್ರೇಮಳೇ ಚಿವುಟಿ ತಿಂದಿರಬಹುದು. ಅಥವಾ ನನ್ನ ಹೆದರಿಕೆಯೇ ಒಂದು ಮೂಲೆ ತಿಂದಿರಬಹುದು. ಮಗುವನ್ನು ಕೇಳಿದರೆ ಗೊತ್ತಾಗುತ್ತಿತ್ತು. ಇವತ್ತಿನವರೆಗೆ ಕೇಳಿಲ್ಲ.

ಈಗ ಅದನ್ನು ಎಂತ ಮಾಡುವುದು?

ಕೇಳಲಿಕ್ಕೆ ಸಣ್ಣ ಪ್ರಶ್ನೆ. ಆದರೆ ಸ್ವಲ್ಪ ಯೋಚಿಸಿ ನೋಡಿ. ನಾವು ತಿಂದರೆ ಪ್ರಸಾದ ತಿಂದ ಹಾಗೆ. ಬಡಿಸಿದ್ದನ್ನು ಒಪ್ಪಿದ ಹಾಗೆ. ಅಂಗಳಕ್ಕೆ ಎಸೆದರೆ ಕಾಗೆ ಬರುತ್ತದೆ, ಕಾಗೆ ಮುಟ್ಟಿದರೆ ಇನ್ನೂ ಕಷ್ಟ. ನಾಯಿಗೆ ಹಾಕುವುದೆ? ಮನೆಯ ಅಳಿಯನ ಪಾಲು! ಅಲ್ಲೇ ಬಿಡುವುದೆ? ಎಷ್ಟು ಹೊತ್ತು? ಒಂದು ತುಂಡು ಕೇಕು ನಮ್ಮನ್ನು ನಾಲ್ಕೂ ಕಡೆಯಿಂದ ಕಟ್ಟಿಹಾಕಿತು.

"ಮಗುವಿಗೆ ಬೈಬೇಡಿ" ಎಂದರು ಅಮ್ಮ ಅಳುತ್ತ. "ನನ್ನ ನಾಲಿಗೆಯದ್ದೇ ತಪ್ಪು. ಆ ಶಬ್ದ ಮಗುವಿನ ಕಿವಿಗೆ ಬೇಡ ಅಂತ 'ಇಲ್ಲದವರು' ಅಂದೆ."

ತಪ್ಪು ಅಮ್ಮನೊಬ್ಬರದ್ದೇ ಅಲ್ಲ. ಹೆದರಿ ಹೆದರಿ ನಾವು ಒಂದೊಂದೇ ಶಬ್ದವನ್ನು ಮನೆಯಿಂದ ಹೊರಗೆ ಹಾಕಿದೆವು. ಮಗು ಉಳಿದ ಶಬ್ದಗಳಿಂದ ಅರ್ಥ ಮಾಡಿಕೊಂಡಿತು. ಸತ್ತವರೂ ಮನೆಯಲ್ಲಿಲ್ಲ, ಅಪ್ಪನೂ ಮನೆಯಲ್ಲಿಲ್ಲ. ತರ್ಕದಲ್ಲಿ ಎಲ್ಲಿ ಉಂಟು ತಪ್ಪು?

ಸುಮತಿ ಅಡುಗೆಕೋಣೆಗೆ ಹೋದಳು. ಭಾವ ಊರಿಗೆ ಬಂದಾಗ ಉಣ್ಣುವ ಕಂಚಿನ ಬಟ್ಟಲು ತಂದಳು. ಎಲೆಯ ಮೇಲಿನ ತುಂಡನ್ನು ಎತ್ತಿ ಅದರಲ್ಲಿ ಹಾಕಿ, ಮೇಲೆ ಇನ್ನೊಂದು ಬಟ್ಟಲು ಕವುಚಿದಳು.

"ಅವರಿಗೆ ತಡ ಆಗ್ತದಲ್ಲ" ಎಂದಳು. "ಮೀನಿಗೆ ಹೋದವರಿಗೆ ಅನ್ನ ಮುಚ್ಚಿಡುದಿಲ್ವಾ ಅಮ್ಮ? ನೀವು ಎಷ್ಟು ಮುಚ್ಚಿಟ್ಟಿದ್ದೀರಿ!"

ಅಮ್ಮ ಕಣ್ಣೊರಸಿಕೊಂಡರು. ಮತ್ತೆ ಎದ್ದು, ಸುಮತಿಯ ಕೈಯಿಂದ ಅದನ್ನು ತೆಗೆದುಕೊಂಡು, ಮೇಲಿನ ನೆಲುವಿನಲ್ಲಿ ಇಟ್ಟರು.

"ಕೆಳಗೆ ಬೆಕ್ಕು ಉಂಟು" ಎಂದರು.

ಅಷ್ಟರಲ್ಲೇ ಇದು ಮುಗಿದಿದ್ದರೆ ಒಳ್ಳೆಯದಿತ್ತು. ಆದರೆ ಕೇಕು ಕಾಯುವ ವಸ್ತುವಲ್ಲ. ಕಳ್ಳು ಹಾಕಿದ್ದು, ಆಟಿ ಕಳೆದು ಬರುವ ಈ ಸೋಣದ ಹಸಿ ಹವೆಯಲ್ಲಿ ಹುಳಿ ವಾಸನೆ ಬರಲಿಕ್ಕೆ ಎಷ್ಟು ಹೊತ್ತು? ಮಾರನೆಯ ದಿನ ಎಲ್ಲರೂ ನೆಲುವಿನ ಕೆಳಗೆ ತಲೆ ತಗ್ಗಿಸಿ ನಡೆದೆವು. ಆ ದಿನ ಅಂಚೆಯವನು ನಮ್ಮ ಗೇಟಿನ ಹತ್ತಿರ ಸೈಕಲ್ ನಿಲ್ಲಿಸಿದ. ಚೈನು ಬಿದ್ದಿತ್ತಂತೆ. ಅವನು ಚೈನು ಹಾಕಿಕೊಂಡು ಹೋಗುವವರೆಗೆ ಅಮ್ಮ ಕಂಬ ಬಿಡಲಿಲ್ಲ.

ಅದರ ಮರುದಿನ ಬೆಳಿಗ್ಗೆ ಗಂಜಿಯ ಹೊತ್ತಿಗೆ ಸುಮತಿ ಬಟ್ಟಲು ಇಳಿಸಿದಳು.

"ಅಪ್ಪ ತಿನ್ಲಿಲ್ವಾ?" ಎಂದು ಕೇಳಿದಳು ಪ್ರೇಮ.

"ಬರಲಿಲ್ಲ ಮಗಾ. ಬಂದಾಗ ಬೇರೆ ಮಾಡುವ. ತಂಗಳಾದರೆ ಮನೆಯವರು ತಿನ್ನುದು ಕ್ರಮ ಅಲ್ವಾ?"

ಮಗುವಿಗೆ ಕೊಡಲಿಕ್ಕೆ ಅಮ್ಮ ಬಿಡಲಿಲ್ಲ. "ಹುಳಿ ಬಂದದ್ದು, ಹೊಟ್ಟೆನೋವು ಬರ್ತದೆ" ಎಂದರು. ಸುಮತಿ ಅದನ್ನು ಮೂರು ಪಾಲು ಮಾಡಿದಳು. ತಾನು ತಿಂದಳು, ಗಟ್ಟಿಯಾಗಿ ಅಗಿದು, ನಮ್ಮಿಬ್ಬರನ್ನೂ ನೋಡುತ್ತ. ಅಮ್ಮ ಕಣ್ಣು ಮುಚ್ಚಿ ನುಂಗಿದರು. ಮುಚ್ಚಿದ ಕಣ್ಣಿನೊಳಗೆ ಯಾರಿಗೆ ಕೈ ಮುಗಿದರೋ ನಾನು ಕೇಳಲಿಲ್ಲ.

(ಇದನ್ನೆಲ್ಲ ಪೇಪರಿಗೆ ಬರೆಯಬಹುದೇ ಎಂದು ತಂಗಿಯನ್ನು ಕೇಳಿದೆ. "ಬರೆ ಅಣ್ಣ, ಬಂದ ಮೇಲೆ ಅವರಿಗೆ ಓದ್ಲಿಕ್ಕೆ ಆಗ್ತದೆ" ಎಂದಳು. ಹೆಸರುಗಳನ್ನು ಮಾತ್ರ ಬದಲಿಸಿದ್ದೇನೆ.)

ನನ್ನ ಪಾಲನ್ನು ನಾನೂ ತಿಂದೆ. ಹುಳಿಯಿತ್ತು, ಅಡಿ ಸೀದದ್ದು ಸ್ವಲ್ಪ ಕಹಿಯಿತ್ತು. ಅದು ತಡವಾಗಿ ಬರುವವರ ತಂಗಳೋ, ಬಾರದವರ ಪ್ರಸಾದವೋ?