ದೆವ್ವದ ಸಿನಿಮಾ ಹಚ್ಚಿದವಳು

ಆ ಮಧ್ಯಾಹ್ನ ದೆವ್ವದ ಸಿನಿಮಾ ಹಚ್ಚಿದವಳು ನಾನು. ಕಸ್ತೂರಕ್ಕ ಅಲ್ಲ. ಆಕೆ ಬೇಡ ಎಂದಿದ್ದಳು, ಮತ್ತೆ ಮತ್ತೆ ಬೇಡ ಎಂದಿದ್ದಳು — ನಾನೇ ಹಟ ಹಿಡಿದು ಹಚ್ಚಿದೆ. ಆಮೇಲೆ ಮನೆಯವರು ಕೇಳಿದಾಗ ಆಕೆಯ ಹೆಸರು ಹೇಳಿದೆ. ಇದನ್ನು ವರ್ಷಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡು ಉಂಡಿದ್ದೇನೆ, ಮಲಗಿದ್ದೇನೆ, ಹಬ್ಬಕ್ಕೆ ಹೊಸ ಸೀರೆ ಉಟ್ಟಿದ್ದೇನೆ.

ಕಸ್ತೂರಕ್ಕ ನನ್ನ ಗಂಡನ ಅಣ್ಣನ ಹೆಂಡತಿ. ಐನಾಪುರದಲ್ಲಿ ನಮ್ಮದು ದ್ರಾಕ್ಷಿ ತೋಟದ ಮನೆ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಆಕೆ ಆ ಮನೆಯಲ್ಲಿ ಏಳೆಂಟು ವರ್ಷ ಬಾಳಿದ್ದಳು, ಮಕ್ಕಳಾಗಿರಲಿಲ್ಲ. ಅದನ್ನು ಯಾರೂ ಎದುರಿಗೆ ಆಡುತ್ತಿರಲಿಲ್ಲ. ಯಾರದಾದರೂ ಬಸಿರಿಯ ಕುಬಸದ ಉಡಿ ತುಂಬಲಿಕ್ಕೋ ಕೂಸಿನ ತೊಟ್ಟಿಲಿಗೋ ಕರೆ ಬಂದರೆ ಅತ್ತೆ ನನ್ನೊಬ್ಬಳನ್ನೇ ಜೊತೆಗೆ ಹೊರಡಿಸುತ್ತಿದ್ದರು, ಅಷ್ಟೆ. ಕಸ್ತೂರಕ್ಕ ಆಗ ತಾನಾಗಿಯೇ ಏನಾದರೊಂದು ಕೆಲಸ ಹಚ್ಚಿಕೊಂಡು ಅಡಿಗೆಮನೆ ಸೇರುತ್ತಿದ್ದಳು.

ನಾನು ನಿಪ್ಪಾಣಿಯವಳು. ಅಲ್ಲಿ ನನ್ನಪ್ಪನಿಗೆ ಸಿನಿಮಾ ಕ್ಯಾಸೆಟ್ ಬಾಡಿಗೆಗೆ ಕೊಡುವ ಅಂಗಡಿಯಿತ್ತು. ಒಳ್ಳೊಳ್ಳೆಯವನ್ನು ಜನ ಒಯ್ಯುತ್ತಿದ್ದರು. ಯಾರೂ ಮುಟ್ಟದವು ಸಂಜೆ ನಮ್ಮ ಮನೆಗೆ ಬರುತ್ತಿದ್ದವು. ಹಾಗಾಗಿ ನಾನು ಬೆಳೆದದ್ದು ರಟ್ಟಿನ ಏಡಿ ಊರನ್ನೇ ನುಂಗುವ, ರಬ್ಬರಿನ ಹಾವಿಗೆ ಕಟ್ಟಿದ ದಾರ ಕಾಣುವ, ದೆವ್ವದ ಮಣಿಕಟ್ಟಿನಲ್ಲಿ ಗಡಿಯಾರ ಹೊಳೆಯುವ ಸಿನಿಮಾಗಳ ನಡುವೆ. ನೋಡಿ ನಗುತ್ತಿದ್ದೆ, ನಿಜ. ಆದರೆ ಬರೀ ನಗುವಲ್ಲ ಅದು — ಕೈಯಲ್ಲಿ ಕಾಸಿಲ್ಲದ ನಾಲ್ಕು ಜನ ಸೇರಿ, ಮನೆಯ ಬೋಗುಣಿಯನ್ನೇ ತಲೆಗೆ ಕವುಚಿಕೊಂಡು, ನಾವು ಬೇರೆ ಗ್ರಹದವರು ಅಂತ ಅಷ್ಟು ಗಂಭೀರವಾಗಿ ನಿಂತಿರುತ್ತಿದ್ದರಲ್ಲ... ಅವರ ಮೇಲೆ ನನಗೊಂದು ಅಕ್ಕರೆ.

ಮದುವೆಯಾದ ಹೊಸತರಲ್ಲಿ ಒಂದು ಮಧ್ಯಾಹ್ನ ಅಂಥದೊಂದನ್ನು ಮೊಬೈಲಿನಲ್ಲಿ ಹುಡುಕಿ ನೋಡುತ್ತಿದ್ದೆ. ಕಸ್ತೂರಕ್ಕ ಬೆಳ್ಳುಳ್ಳಿ ಸುಲಿಯುತ್ತ ಪಕ್ಕಕ್ಕೆ ಬಂದು ಕೂತಳು. ಆಕೆಗೆ ಹಿಂದಿ ಬಾರದು. "ಆವಾಜ ಬಂದ್ ಮಾಡವಾ, ನಾ ಹೇಳ್ತೀನಿ" ಅಂದಳು. ಮಾಡಿದೆ. ಬಾವಿಯೊಳಗಿಂದ ಮೈತುಂಬ ಕೂದಲಿನ ರಾಕ್ಷಸ ಎದ್ದು ಬಂದ. ಆಕೆ ಗಂಟಲು ದಪ್ಪ ಮಾಡಿಕೊಂಡು, "ಯಾರಲೇ ಮೋಟರ್ ಚಾಲೂ ಮಾಡಿದವ್ರು? ಇವತ್ತ ನೀರಿನ ಪಾಳಿ ನಂದೈತಿ!" ಅಂದಳು.

ನನಗೆ ಉಸಿರು ಸಿಗದಷ್ಟು ನಗು. ಮನೆಯಲ್ಲಿ ನಾಲ್ಕು ಮಾತು ಜೋರಾಗಿ ಆಡದ ಹೆಂಗಸು ಇವಳೇನಾ ಅನಿಸಿತು. ಅವತ್ತಿನಿಂದ ಗಂಡಸರು ತೋಟಕ್ಕೆ ಹೋಗಿ ಅತ್ತೆ ಅಡ್ಡಾದರೆಂದರೆ ನಮ್ಮ ಆಟ ಶುರು. ರಕ್ತ ಕುಡಿಯುವವನು ಆಕೆಯ ಬಾಯಲ್ಲಿ ದ್ರಾಕ್ಷಿ ದಲಾಲನಾಗಿ ಚೌಕಾಸಿ ಮಾಡುತ್ತಿದ್ದ. ಬಿಳಿ ಸೀರೆಯ ದೆವ್ವ ಮಸಣದಲ್ಲಿ ನಿಂತು, ಸಾರಿಗೆ ಉಪ್ಪು ಹಾಕಿಲ್ಲವೆಂದು ಸೊಸೆಯನ್ನು ಬೈಯುತ್ತಿತ್ತು. ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದೆವು. ಆ ಮನೆಯಲ್ಲಿ ಆಕೆಗೆಂದು ಇದ್ದದ್ದು ಅದೊಂದೇ ಹೊತ್ತು — ನನಗೂ.

ನಾನು ಬಸಿರಾದಾಗ ಮೊದಲು ಹೇಳಿದ್ದು ಆಕೆಗೆ. ನೋವಾದೀತೇನೋ ಎಂದು ಹೆದರುತ್ತಲೇ ಹೇಳಿದೆ. ಆಕೆ ನನ್ನ ಎರಡೂ ಕೈ ಹಿಡಿದುಕೊಂಡು, "ಇನ್ನ ಮ್ಯಾಲ ದೆವ್ವಗಿವ್ವ ಬಂದ್. ದೇವರ ಸಿನಿಮಾ ಅಷ್ಟ ನೋಡೂಣು. ಅದರಾಗೂ ಮೀಸಿ ಕಿತ್ತ ಬೀಳ್ತಾವು, ನಮಗ ಅಷ್ಟ ಸಾಕ" ಅಂದಳು.

ನಾಲ್ಕನೆಯ ತಿಂಗಳು ನಡೆದಿತ್ತು. ಒಂದು ಬೆಳಿಗ್ಗೆ ಬಚ್ಚಲಲ್ಲಿ ನನ್ನ ಬಟ್ಟೆಯ ಮೇಲೆ ರಕ್ತ ಕಂಡಿತು. ಬಹಳವಲ್ಲ. ತೊಳೆದು ಹಿಂಡಿ ಬೇರೆ ಬಟ್ಟೆಗಳ ಅಡಿಯಲ್ಲಿ ಒಣಹಾಕಿದೆ. ಯಾರಿಗೂ ಹೇಳಲಿಲ್ಲ. ಸುಮ್ಮನಿದ್ದರೆ ತಾನಾಗಿಯೇ ನಿಂತೀತು — ಅಂಥದೇನೋ ಒಂದು ದಡ್ಡ ಆಸೆ. ಮಧ್ಯಾಹ್ನದವರೆಗೆ ಮತ್ತೆ ಮತ್ತೆ ಬಚ್ಚಲಿಗೆ ಹೋಗಿ ನೋಡಿಕೊಂಡು ಬಂದೆ. ಆಕೆಯ ಪಕ್ಕ ಕೂತು ಒಮ್ಮೆ ನಕ್ಕುಬಿಟ್ಟರೆ ಎಲ್ಲ ಮೊದಲಿನಂತಾಗುತ್ತದೆ ಅನಿಸಿತು.

"ಅಕ್ಕಾ, ಒಂದ ದೆವ್ವದ್ದ ಹಚ್ಚೂಣು."

"ಬ್ಯಾಡವಾ. ಹೊಟ್ಯಾಗ ಕೂಸೈತಿ."

"ರಟ್ಟಿನ ದೆವ್ವಕ್ಕ ಯಾವ ಕೂಸ ಅಂಜತೈತಿ?"

"ಬ್ಯಾಡಂದ್ರ ಬ್ಯಾಡ, ತಂಗಿ."

ಹಚ್ಚಿದೆ. ಆಕೆ ನನ್ನ ಮುಖ ನೋಡಿದಳು — ಅಲ್ಲಿ ಏನು ಕಂಡಳೋ — ಬಂದು ಪಕ್ಕದಲ್ಲಿ ಕೂತಳು. ನಾನು ಬೇಡಿದ್ದಕ್ಕೆ ದನಿ ಕೊಡಲೂ ಶುರು ಮಾಡಿದಳು. ಅರ್ಧ ಸಿನಿಮಾ ಆಗುವಷ್ಟರಲ್ಲಿ ನನ್ನ ಹೊಟ್ಟೆ ಹಿಂಡಿದಂತಾಯಿತು. ಆಕೆ ಕೂಗಿದ ಕೂಗಿಗೆ ತೋಟದಿಂದ ಜನ ಓಡಿ ಬಂದರು. ಗಾಡಿಯಲ್ಲಿ ಮಿರಜಿಗೆ ಒಯ್ಯುವಾಗ ನನ್ನ ತಲೆ ಆಕೆಯ ತೊಡೆಯ ಮೇಲಿತ್ತು.

ಕೂಸು ಉಳಿಯಲಿಲ್ಲ.

ಅಲ್ಲಿನ ಡಾಕ್ಟರಮ್ಮ ನನಗೆ ಮರಾಠಿಯಲ್ಲಿ ಸಮಾಧಾನ ಹೇಳಿದರು. ಕೂಸು ಎಷ್ಟೋ ದಿನದ ಹಿಂದೆಯೇ ಬೆಳೆಯುವುದನ್ನು ನಿಲ್ಲಿಸಿತ್ತಂತೆ. ಏನು ಮಾಡಿದ್ದರೂ ಉಳಿಯುತ್ತಿರಲಿಲ್ಲವಂತೆ. ಇದರಲ್ಲಿ ಯಾರ ತಪ್ಪೂ ಇಲ್ಲ ಎಂದರು. ಅದನ್ನು ಕೇಳಿಸಿಕೊಂಡವಳು ನಾನೊಬ್ಬಳೇ. ಮನೆಯವರೆಲ್ಲ ಹೊರಗಿದ್ದರು. ಅವರಿಗೆ ಗೊತ್ತಾದದ್ದು ಕೂಸು ಹೋಯಿತು ಎಂಬುದಷ್ಟೆ.

ಊರಿಗೆ ಬಂದ ಮರುದಿನ ಅತ್ತೆ ನನ್ನ ಹಾಸಿಗೆಯ ಹತ್ತಿರ ಬಂದರು. ಕೈಯಲ್ಲಿ ನನ್ನ ಮೊಬೈಲು. ಅರ್ಧಕ್ಕೆ ನಿಂತಿದ್ದ ಸಿನಿಮಾ, ಮುಖಕ್ಕೆ ಸುಣ್ಣ ಬಳಿದುಕೊಂಡ ಹೆಣ್ಣುದೆವ್ವ.

"ಬಸರ ಹೆಂಗಸಿಗೆ ಇದನ್ನ ಹಚ್ಚಿ ತೋರಿಸಿದವ್ರು ಯಾರು?"

ಕಸ್ತೂರಕ್ಕ ಬಾಗಿಲಲ್ಲಿ ನಿಂತಿದ್ದಳು. ನನಗೆಂದು ಹಾಲು ಕಾಸಿ ತಂದಿದ್ದಳು. ನಾನು ಆಕೆಯನ್ನು ನೋಡಿದೆ, ಕಾಣಲಿಲ್ಲವೆಂದು ಹೇಳಲಾರೆ. ನೋಡಿ, ಗೋಡೆಯ ಕಡೆ ಹೊರಳಿ ಒಂದೇ ಮಾತು ಅಂದೆ.

"ಅಕ್ಕ."

ಆಕೆ ಅಲ್ಲಗಳೆಯುತ್ತಾಳೆ ಎಂದು ಕಾದೆ. ಅಲ್ಲಗಳೆದಿದ್ದರೆ ನಾನು... ಇಲ್ಲ, ಆಗಲೂ ಒಪ್ಪಿಕೊಳ್ಳುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ. ಆಕೆ ಅಂದದ್ದು ಇಷ್ಟೆ: "ಹೌದ್ರಿ ಅತ್ತಿ. ನಂದ ತಪ್ಪಾತ್ರಿ."

ಆಮೇಲೆ ಓಣಿಗೆಲ್ಲ ಮಾತು ಹಬ್ಬಿತು. ಬಂಜೆಯ ಕಣ್ಣು, ಹೊಟ್ಟೆಕಿಚ್ಚು, ಬೇಕಂತಲೇ ಅಂಜಿಸಿ ಕೂಸು ಕಳೆದಳು — ಒಬ್ಬೊಬ್ಬರದು ಒಂದೊಂದು. ಪಕ್ಕದ ಮನೆಯಾಕೆ ಬಂದು ಅತ್ತೆಯ ಕಿವಿಯಲ್ಲಿ, "ಮಧ್ಯಾಹ್ನದಾಗ ಆಕಿ ಗಂಡಸಿನ ದನಿ ತಗದ ಮಾತಾಡ್ತಿದ್ಲಬೇ, ನಾ ಗ್ವಾಡಿ ಆಚೆ ಕೇಳೀನಿ. ಆಕಿ ಮೈಯಾಗ ಏನೋ ಹೊಕ್ಕೈತಿ" ಅಂದಳು. ಆ ದನಿ ಯಾವುದೆಂದು ನನಗೆ ಗೊತ್ತಿತ್ತು. ಆ ದನಿಗೆ ನಾನು ಎಷ್ಟು ನಕ್ಕಿದ್ದೆ! ಹೇಳಬಹುದಿತ್ತು. ಹೊದಿಕೆ ಎಳೆದುಕೊಂಡು ಮಲಗಿದೆ.

ಭಾವ ಆಕೆಯನ್ನು ಹಾರೂಗೇರಿಯ ತವರಿಗೆ ಬಿಟ್ಟು ಬಂದರು. ನಾಲ್ಕು ದಿನ ಇದ್ದು ಬರಲಿ ಅಂದರು. ಹೊರಡುವಾಗ ಆಕೆ ನನ್ನ ಕೋಣೆಗೆ ಬಂದು, "ಹೊತ್ತಿಗೆ ಸರಿ ಉಣ್ಣ, ತಂಗಿ" ಅಂದಳು. ನಾನು ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದ್ದೆ. ಆ ನಾಲ್ಕು ದಿನ ಮುಗಿಯಲೇ ಇಲ್ಲ. ಕೊನೆಗೆ ಸೋಡಚೀಟಿ ಬರೆಸಿ ಗಂಡ-ಹೆಂಡಿರ ಸಂಬಂಧ ಹರಿದರು. ಭಾವನಿಗೆ ಬೇರೆ ಮದುವೆಯೂ ಆಯಿತು.

ನಾನು ನನಗೆ ಹೇಳಿಕೊಳ್ಳುತ್ತಿದ್ದೆ — ಅಕ್ಕ ನನ್ನನ್ನು ಉಳಿಸಲೆಂದೇ ತಪ್ಪು ತನ್ನ ಮೇಲೆ ಹಾಕಿಕೊಂಡಳು, ಅದು ಆಕೆಯ ದೊಡ್ಡತನ. ಹಾಗಂದುಕೊಂಡರೆ ಬದುಕುವುದು ಸುಲಭವಿತ್ತು. ಮುಂದೆ ನನಗೊಬ್ಬ ಮಗಳು ಹುಟ್ಟಿದಳು.

ಹೋದ ವರ್ಷ ರಾಯಬಾಗದಲ್ಲೊಂದು ಮದುವೆಗೆ ಹೊರಟವಳು ಹಾರೂಗೇರಿಯಲ್ಲಿ ಬಸ್ಸು ಬದಲಿಸಬೇಕಾಯಿತು. ಸ್ಟ್ಯಾಂಡಿನ ಹಿಂದೆಯೇ ಆಕೆಯ ತಮ್ಮನ ಹಿಟ್ಟಿನ ಗಿರಣಿ. ಕಾಲು ಅತ್ತ ಎಳೆಯಿತು. ಕಸ್ತೂರಕ್ಕ ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡು ಕೈ ಕೊಡವಿಕೊಂಡು ನಗುತ್ತ ಎದ್ದಳು. ಆಕೆ ನಗುತ್ತ ಎದ್ದಳು! ನಾನು ಮಗಳನ್ನು ಮುಂದೆ ಮಾಡಿ, "ನಿಮ್ಮ ದೊಡ್ಡವ್ವ, ಕಾಲ ಬೀಳ" ಅಂದೆ.

ಆಕೆ ಥಟ್ಟನೆ ಹಿಂದೆ ಸರಿದಳು. ಮುಖ ಹೊರಳಿಸಿ ಸೆರಗಿನಿಂದ ಕಣ್ಣು ಮುಚ್ಚಿಕೊಂಡಳು.

"ಕರಕೊಂಡ ಹೋಗ ತಂಗಿ. ನನ್ನ ಕಣ್ಣ ಬೀಳೂದ ಬ್ಯಾಡ. ಒಂದನ್ನ ಕಳದದ್ದ ಸಾಕ."

ಆಗ ತಿಳಿಯಿತು. ಆಕೆ ನನ್ನನ್ನು ಉಳಿಸಿರಲಿಲ್ಲ. ಆಕೆ ನಂಬಿದ್ದಳು. ನಾನು ಹಟ ಮಾಡಿದರೂ ತಾನು ದೊಡ್ಡವಳು, ಮೊಬೈಲು ಕಸಿದುಕೊಳ್ಳಬೇಕಿತ್ತು, ತನ್ನ ದನಿಗೇ ಕೂಸು ಹೆದರಿ ಸತ್ತಿತು — ಇಷ್ಟೂ ವರ್ಷ ಆಕೆ ಹಾಗೇ ನಂಬಿಕೊಂಡು ಬದುಕಿದ್ದಳು.

ಅವತ್ತು ಮಗಳನ್ನು ಎಳೆದುಕೊಂಡು ಬಸ್ಸು ಹತ್ತಿದೆ. ವಾರ ಕಳೆದು ಒಬ್ಬಳೇ ಹೋದೆ. ಗಿರಣಿಯ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ — ಬೆಳಗಿನ ರಕ್ತ, ಡಾಕ್ಟರಮ್ಮನ ಮಾತು, ಎಲ್ಲ. ಆಕೆಯ ಕೈಯಲ್ಲಿದ್ದ ಮೊರ ನಿಂತಿತು.

"ಡಾಕ್ಟರ್ ಹೇಳಿದ್ದ ನಿನಗ ಆವಾಗಿಂದ ಗೊತ್ತಿತ್ತ?"

"ಹೂಂ, ಅಕ್ಕಾ."

"ದೇವರ ಮುಂದ ದೀಪ ಹಚ್ಚುವಾಗೆಲ್ಲ ನಾ ಆ ಕೂಸಿಗೆ ತಪ್ಪಾತು ತಪ್ಪಾತು ಅಂತ ಕೈ ಮುಗೀತಿದ್ದೆ, ತಂಗಿ..." ಅಂದಳು. ಆಮೇಲೆ ಅತ್ತಳು. ಗಿರಣಿಯ ಸದ್ದಿನಲ್ಲಿ ಅಳು ಕೇಳಿಸಲಿಲ್ಲ, ಹೆಗಲು ಅಲುಗುವುದಷ್ಟೇ ಕಂಡಿತು. ನಾನು ಕೈ ಚಾಚಿದೆ. ಆಕೆ ತನ್ನ ಕೈ ಹಿಂದಕ್ಕೆ ತೆಗೆದುಕೊಂಡಳು.

"ಹೇಳಿದಿ, ಚಲೋ ಆತು. ಇನ್ನ ಬರಬ್ಯಾಡ."

ಮನೆಗೆ ಬಂದು ಎಲ್ಲರೂ ಊಟಕ್ಕೆ ಕೂತಿದ್ದಾಗ ಎಲ್ಲರ ಎದುರೇ ಹೇಳಿದೆ. ಅತ್ತೆ, "ಮುಗದ ಮಾತ ಈಗ್ಯಾಕ ತಗೀತಿ?" ಅಂದರು. ಭಾವ ಅರ್ಧ ಊಟ ಬಿಟ್ಟು ಎದ್ದು ಹೋದರು. ನನ್ನ ಗಂಡ ಬಹಳ ದಿನ ನನ್ನೊಡನೆ ಮಾತಾಡಲಿಲ್ಲ. ಪಕ್ಕದ ಮನೆಗೂ ಹೋಗಿ ಆ ಗಂಡಸಿನ ದನಿ ಏನೆಂದು ತಿಳಿಸಿದೆ; ಆಕೆ ನಂಬಿದಳೋ ಇಲ್ಲವೋ. ಇದರಿಂದ ಕಸ್ತೂರಕ್ಕನಿಗೆ ಮರಳಿ ಸಿಕ್ಕಿದ್ದು ಏನೂ ಇಲ್ಲ.

ಈಗಲೂ ರಾಯಬಾಗದ ಕಡೆ ಹೋಗುವುದಿರುತ್ತದೆ. ನೇರ ಹೋಗುವ ಬಸ್ಸನ್ನೇ ಹಿಡಿಯುತ್ತೇನೆ, ಅದೂ ಹಾರೂಗೇರಿಯಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಜನ ಚಹಾಕ್ಕೆ ಇಳಿಯುತ್ತಾರೆ. ಗಿರಣಿ ಓಡುತ್ತಿರುವುದು ಕಿಟಕಿಯೊಳಗಿಂದಲೇ ಕೇಳುತ್ತದೆ. ನಾನು ಇಳಿಯುವುದಿಲ್ಲ. ಬರಬೇಡ ಎಂದಿದ್ದಾಳೆ — ಈ ಒಂದು ಮಾತನ್ನಾದರೂ ಕೇಳುತ್ತೇನೆ.