ಇನ್ನಾ ಒಂದು ಕುರಿ

ರಾವೂರದ ನಮ್ಮ ಓಣಿಯಲ್ಲಿ ಕೌದಿ ಹೊಲಿಯುವ ಮುದುಕಿಯೊಬ್ಬಳಿದ್ದಳು. ಸೂಜಿಯನ್ನು ತಲೆಗೂದಲಿಗೆ ಸವರಿಕೊಂಡು ಹೊಲಿಯುತ್ತ, ಸುತ್ತ ಕೂತ ಹೆಣ್ಣುಮಕ್ಕಳಿಗೆ ಯೇಸುಸ್ವಾಮಿಯ ಕಥೆ ಹೇಳುತ್ತಿದ್ದಳು. ಅವಳ ಕಥೆಯ ಕುರುಬ ನಮ್ಮೂರ ಕಂಬಳಿಯನ್ನೇ ಹೊದ್ದಿರುತ್ತಿದ್ದ. ತಪ್ಪಿಸಿಕೊಂಡ ಕುರಿಯನ್ನು ಅವನು ಹೆಗಲ ಮೇಲೆ ಹೊತ್ತು ತರುವವರೆಗೆ ಯಾರನ್ನೂ ಏಳಗೊಡುತ್ತಿರಲಿಲ್ಲ.

"ಕುಂದ್ರಿ, ಇನ್ನಾ ಒಂದು ಕುರಿ ಬರೋದದ" ಎನ್ನುವಳು. ಉಣ್ಣಲು ಕೂತಾಗಲೂ ಅದೇ ಮಾತು. ಬರಬೇಕಾದವರು ಬರುವ ತನಕ ರೊಟ್ಟಿ ಮುರಿಯುತ್ತಿರಲಿಲ್ಲ.

ಅವಳು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, ಹೋದ ಕ್ರಿಸ್‌ಮಸ್‌ಗೆ, ಚಿಂಚೋಳಿ ಕಡೆಯ ಹಳ್ಳಿಯೊಂದರ ಪ್ರಾರ್ಥನಾ ಮನೆಗೆ ನನ್ನನ್ನು ಊಟಕ್ಕೆ ಕರೆದಿದ್ದರು. ದಾರಿಯಲ್ಲಿ ಬಸ್ಸು ಕೆಟ್ಟು ಭಾಳ ತಡವಾಯಿತು. ಒಳಗೆ ಕಾಲಿಟ್ಟರೆ, ಬಡಿಸಿದ ತಾಟಿನ ಮುಂದೆ ಎಲ್ಲರೂ ಉಣ್ಣದೆ ಕೂತಿದ್ದಾರೆ! ನನ್ನನ್ನು ಕಂಡದ್ದೇ ಮಕ್ಕಳು ಚಪ್ಪಾಳೆ ತಟ್ಟಿ ಕೂಗಿದವು: "ಕುರಿ ಬಂತು! ಉಣ್ರಿ!"

"ಇದು ಯಾರ ಮಾತ್ರೀ?" ಎಂದೆ.

"ನಮ್ಮ ಸೊಸಿ ತವರಿಂದ ತಂದಾಳ್ರೀ. ಆಕಿ ರಾವೂರದಾಕಿ," ಎಂದರು ಅಲ್ಲಿಯ ಹಿರಿಯರು. "ಈಗ ಸೇಡಂ ತನಕಾ ನಮ್ಮ ಮಂದಿ ಹಿಂಗೇ ಕಾಯ್ತಾರ."

ನಮ್ಮೂರ ಪಕ್ಕದ ವಾಡಿಯ ರೈಲು ಹಳಿಯನ್ನೂ ದಾಟದೆ ಸತ್ತ ಮುದುಕಿ, ನನಗಿಂತ ಮೊದಲೇ ಅಲ್ಲಿಗೆ ಬಂದು ಕೂತಿದ್ದಳು.